ಯಾರ ನೆಲದ ಮೇಲೆ ಈ ಹಬ್?

2018ರಲ್ಲಿ ಸಿಂಗಾಪುರದಿಂದ ಅಮೆರಿಕದ ನ್ಯೂವಾರ್ಕ್‌ಗೆ ಮತ್ತೆ ನೇರ ವಿಮಾನ ಶುರುವಾಯ್ತು. 15,000 ಕಿ.ಮೀ.ಗೂ ಹೆಚ್ಚು, ಎಲ್ಲೂ ಇಳಿಯಲ್ಲ. ಸೀಟು ಬರೀ 161. ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಮಾಮೂಲಿ ಎಕಾನಮಿ? ಒಂದೂ ಇಲ್ಲ! ಅಷ್ಟು ದೂರದ ಇಂಧನ ಹೊರಬೇಕಂದ್ರೆ ಜನರನ್ನ ಕಮ್ಮಿ ಮಾಡಬೇಕು. ಯಾರನ್ನ ಕಮ್ಮಿ ಮಾಡ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅದಕ್ಕೇ "ಇನ್ನು ದುಬೈ, ದೋಹಾದಂಥ ಹಬ್‌ಗಳ ಕಾಲ ಮುಗೀತು" ಅನ್ನೋ ಮಾತನ್ನ ನಾನು ಒಪ್ಪಲ್ಲ. ಕಮ್ಮಿ ದುಡ್ಡಿನ ಟಿಕೆಟ್ಟಿನವರು ನಡುರಾತ್ರಿ ಅಲ್ಲಿ ಇಳಿದು, ನಿದ್ದೆಗೆಟ್ಟು, ಇನ್ನೊಂದು ವಿಮಾನ ಹತ್ತುತ್ತಲೇ ಇರ್ತಾರೆ. ಹಬ್ ಉಳಿಯುತ್ತೆ.

ನನ್ನ ತಕರಾರು ಹಬ್ ಮೇಲಲ್ಲ, ಅದರ ಹೆಸರಲ್ಲಿ ನೆಲ ನುಂಗೋದರ ಮೇಲೆ. ಬೆಂಗಳೂರನ್ನೂ ಹಬ್ ಮಾಡ್ತಾರಂತೆ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಗಿದೆ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ ಅಂತ 1,777 ಎಕರೆಗೆ ಕೈಹಾಕಿದರು. ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ಅದೇ ವರ್ಷ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ, ಕುಣಿಗಲ್ ರಸ್ತೆ ಕಡೆ ಜಾಗ ನೋಡಿದ್ದಾರೆ.

ಪಹಣಿ ಇದ್ದವರಿಗೆ ಪರಿಹಾರ ಅಂತಾದ್ರೂ ಇದೆ. ಆ ಹೊಲದಲ್ಲಿ ಕೂಲಿ ಮಾಡೋ ನಮ್ಮ ಅಕ್ಕಂದಿರಿಗೆ? ಬಗರ್‌ಹುಕುಂ ಅರ್ಜಿ ಹಿಡಿದು ಅಲೆಯೋ ನಮ್ಮ ಅಣ್ಣಂದಿರಿಗೆ? ಕೊನೆಗೆ ಅವರ ಪಾಲಿಗೆ ಉಳಿಯೋದು ಅದೇ ನೆಲ ಒರೆಸೋ ಗುತ್ತಿಗೆ ಕೆಲಸ.

ಜಮೀನು ಅಳೆಯೋಕೆ ಮುಂಚೆ ಇವರ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ. ಹಬ್ ಮಾತು ಆಮೇಲೆ.

ಜೈ ಭೀಮ್.