‘ಬಿ’ ಶ್ರೇಣಿಯ ಭ್ರಮೆ

ಮಗುವಿನ ಪ್ರಗತಿ ಪತ್ರದಲ್ಲಿ ‘ಬಿ’ ಕಂಡರೆ, ‘ಎ’ ಅಲ್ಲದಿದ್ದರೂ ಎರಡನೆಯದಾಯಿತಲ್ಲ ಎಂದು ನಾವು ಸಮಾಧಾನದಿಂದ ಸಹಿ ಹಾಕುತ್ತೇವೆ. ಇದು ಆತ್ಮವಂಚನೆ. ಕರ್ನಾಟಕದ ಪ್ರಾಥಮಿಕ ಶಾಲೆಗಳ ಶ್ರೇಣಿ ಪದ್ಧತಿಯಲ್ಲಿ ಶೇ. 90ರಿಂದ ಮೇಲಕ್ಕೆ ‘ಎ+’, 70ರಿಂದ ‘ಎ’, 50ರಿಂದ ‘ಬಿ+’. ‘ಬಿ’ ಎಂದರೆ ಬರೇ 30ರಿಂದ 49. ಅದರ ಕೆಳಗೆ ‘ಸಿ’ ಒಂದೇ.

ಮಕ್ಕಳನ್ನು ಪರೀಕ್ಷಾ ಭಯದಿಂದ ಮುಕ್ತಗೊಳಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿರಂತರ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ಉದ್ದೇಶ ಉದಾತ್ತವೇ. ಆದರೆ ಸರಾಗವಾಗಿ ಓದಲು ಬಾರದ ಮಗುವೂ ‘ಬಿ’ ಹೊತ್ತು ಏಳನೇ ತರಗತಿ ದಾಟುವುದಾದರೆ, ಆ ಅಕ್ಷರ ಅಳೆಯುವುದೇನನ್ನು?

ಶಾಲೆಯನ್ನು ಪ್ರಶ್ನಿಸೋಣ. ಅದಕ್ಕೆ ಮುನ್ನ ನಮ್ಮನ್ನೇ ಪ್ರಶ್ನಿಸಿಕೊಳ್ಳೋಣ. ಮದುವೆ ಮನೆಗಳಿಗೆ ದಿನಗಟ್ಟಲೆ ಬಿಡುವು ಮಾಡಿಕೊಳ್ಳುವ ನಮಗೆ ಪೋಷಕರ ಸಭೆಗೆ ಒಂದು ಗಂಟೆ ಸಿಗುವುದಿಲ್ಲವೇ? ಸಹಿಗೆ ಮೊದಲು ಮಗುವಿನ ಕೈಗೆ ಪುಸ್ತಕ ಕೊಟ್ಟು ಒಂದು ಪುಟ ಓದಿಸೋಣ. ನಿಜವಾದ ಪ್ರಗತಿ ಪತ್ರ ಅದುವೇ.