ಖೋ ಖೋ ಹುಡುಗಿಯರ ಕೂಪನ್‌ಗೂ ಲಾಟರಿ ಕಾನೂನೇ?



ನಮ್ಮ ಹೋಬಳಿಯ ಪ್ರೌಢಶಾಲೆಯ ಖೋ ಖೋ ಹುಡುಗಿಯರು ರಾಜ್ಯಮಟ್ಟಕ್ಕೆ ಆಯ್ಕೆಯಾದಾಗ, ಅವರ ಖರ್ಚಿಗೆಂದು ಊರಿನ ಯುವಕರು ಹತ್ತು ರೂಪಾಯಿಯ ಲಕ್ಕಿ ಡಿಪ್ ಕೂಪನ್ ಅಚ್ಚು ಹಾಕಿಸಿದ್ದರು. ಮೊದಲ ಬಹುಮಾನ ಟಗರು, ಎರಡನೆಯದು ಮಿಕ್ಸಿ, ಮೂರನೆಯದು ಕುಕ್ಕರ್. ಮೂರನ್ನೂ ಊರಿನವರೇ ಕೊಟ್ಟಿದ್ದರು. ಅರ್ಧ ಕೂಪನ್ ಖರ್ಚಾಗುವಷ್ಟರಲ್ಲಿ ಪೊಲೀಸರು ಬಂದು, ಇದು ಲಾಟರಿ, ಕೇಸಾಗುತ್ತದೆ ಎಂದರು. ಹುಡುಗರು ಮನೆಮನೆಗೆ ಹೋಗಿ ದುಡ್ಡು ವಾಪಸ್ ಕೊಟ್ಟು ಬಂದರು. ಪೊಲೀಸರನ್ನು ನಾನು ದೂರುವುದಿಲ್ಲ, ಕಾನೂನು ಇರುವುದೇ ಹಾಗೆ. ನನ್ನ ತಕರಾರು ಅದನ್ನು ಹಾಗೆಯೇ ಬಿಟ್ಟಿರುವ ಸರ್ಕಾರದ ಬಗ್ಗೆ.

2007ರಲ್ಲಿ ಕರ್ನಾಟಕ ಲಾಟರಿ ನಿಷೇಧಿಸಿದ್ದು ಸರಿಯಾಗಿಯೇ ಇತ್ತು. ದಿನದ ಕೂಲಿಯನ್ನು ಒಂದಂಕಿ ಲಾಟರಿಗೆ ಸುರಿದು ಮನೆಮಠ ಕಳೆದುಕೊಂಡವರನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಆ ನಿಷೇಧ ಸಡಿಲವಾಗಲಿ ಎಂದು ನಾನು ಕೇಳುತ್ತಿಲ್ಲ. ಆದರೆ ಶಾಲಾ ಮಕ್ಕಳ ಶೂಗಾಗಿ ಊರವರು ಎತ್ತುವ ಒಂದು ಚೀಟಿಯನ್ನೂ ಆ ದಂಧೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್, ಅಂದರೆ ಹಿಂದಿನ ಐಪಿಸಿ 294ಎ, ಲಾಟರಿ ಎತ್ತಲು ಜಾಗ ಇಟ್ಟುಕೊಂಡವರಿಗೆ ಆರು ತಿಂಗಳವರೆಗೆ ಸಜೆ ಹೇಳುತ್ತದೆ. ಅದರ ಪ್ರಕಟಣೆ ಹೊರಡಿಸಿದರೂ 5,000 ರೂಪಾಯಿವರೆಗೆ ದಂಡ. ಆದರೆ ರಾಜ್ಯ ಸರ್ಕಾರ ಅನುಮತಿ ಕೊಟ್ಟ ಲಾಟರಿಗೆ ಇದೇ ಸೆಕ್ಷನ್ ವಿನಾಯಿತಿ ನೀಡಿದೆ. ಜೂಜು, ಬಾಜಿ ಸಂವಿಧಾನದ ರಾಜ್ಯಪಟ್ಟಿಯ 34ನೇ ವಿಷಯ. ಹಾಗಾಗಿ ದೆಹಲಿಯತ್ತ ನೋಡುವ ಅಗತ್ಯವೇ ಇಲ್ಲ, ವಿಧಾನಸೌಧ ಮನಸ್ಸು ಮಾಡಿದರೆ ಸಾಕು. ಬೆಂಗಳೂರು, ಮೈಸೂರಿನ ಕುದುರೆ ರೇಸಿನ ಬಾಜಿಗೆ 1952ರ ಕಾಯ್ದೆಯಡಿ ಪರವಾನಗಿ ಕೊಡಲು ಬಂದದ್ದು, ಒಂದು ಸರ್ಕಾರಿ ಶಾಲೆಯ ತಂಡಕ್ಕೆ ಯಾಕೆ ಬಾರದು?

ಬ್ರಿಟನ್‌ನಲ್ಲಿ 2005ರ ಜೂಜು ಕಾಯ್ದೆಯ ಪ್ರಕಾರ ಕ್ರೀಡಾ ಸಂಘಗಳು ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು ಸಣ್ಣ ಲಾಟರಿ ನಡೆಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಕೂಪನ್‌ನಿಂದ ಬಂದ ಹಣದಲ್ಲಿ ಶೇ 90ರಷ್ಟು ಸತ್ಕಾರ್ಯಕ್ಕೇ ಹೋಗಬೇಕು. ಪೂರ್ತಿ ಬಾಗಿಲು ಮುಚ್ಚಿರುವ ಹವಾಯಿ, ಯೂಟಾದಂಥ ರಾಜ್ಯಗಳೂ ಇವೆ. ನಮ್ಮ ಪಕ್ಕದ ಕೇರಳದಲ್ಲಂತೂ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಬಂದದ್ದು ಮಂಡ್ಯ ಜಿಲ್ಲೆಯವರೊಬ್ಬರಿಗೆ. ನಮ್ಮವರ ದುಡ್ಡು ಗಡಿ ದಾಟಿ ಅಲ್ಲಿಗೆ ಹೋಗುತ್ತಲೇ ಇದೆ.

ಮಕ್ಕಳ ಪಾಡು ನೋಡಿ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಓಡಿ ಬೆಳೆದವರು ದೊಡ್ಡ ಪಂದ್ಯಗಳಲ್ಲಿ ಮ್ಯಾಟ್ ಮೇಲೆ ಆಡಬೇಕು. ಹಿಡಿತವಿರುವ ಶೂ ಇಲ್ಲದಿದ್ದರೆ ತಿರುವಿನಲ್ಲಿ ಜಾರಿ ಮಂಡಿ ಉಳುಕುತ್ತದೆ. ಎರವಲು ಶೂಗೆ ಮುಂದೆ ಬಟ್ಟೆ ತುರುಕಿಕೊಂಡು ಆಡಿದ ಹುಡುಗಿಯರನ್ನು ನಾನು ತಂಡದ ಜೊತೆ ಹೋದಾಗ ನೋಡಿದ್ದೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ನಮ್ಮ ಕರ್ನಾಟಕದ ಚೈತ್ರಾ, ಗೌತಮ್ ಇದ್ದರು. ಗೆದ್ದು ಬಂದವರಿಗೆ ಹಾರ ಹಾಕಲು ಎಲ್ಲರೂ ಮುಂದೆ ಬರುತ್ತಾರೆ. ಅದಕ್ಕೂ ಮೊದಲು, ಬಸ್ ಚಾರ್ಜಿಗೆ ಪರದಾಡುವಾಗ ಜೊತೆಗೆ ನಿಲ್ಲುವುದು ಊರು ಮಾತ್ರ.

ಕೂಪನ್ ಹೆಸರಿನಲ್ಲಿ ಟೋಪಿ ಹಾಕುವವರಿದ್ದಾರೆ, ಕಂತಿನ ಲಕ್ಕಿ ಸ್ಕೀಮ್‌ಗಳಲ್ಲಿ ಜನ ಮೋಸ ಹೋಗಿದ್ದಾರೆ, ನಿಜ. ಅದಕ್ಕೇ ನಿಯಮ ಬೇಕೆನ್ನುವುದು. ತಹಶೀಲ್ದಾರರು ಅನುಮತಿ ಕೊಡಲಿ, ವರ್ಷಕ್ಕೆ ಒಂದೇ ಸಲ, ಒಟ್ಟು ಮೊತ್ತಕ್ಕೆ ಮಿತಿ ಇರಲಿ. ನಗದು ಬಹುಮಾನ ಬೇಡ, ಮಕ್ಕಳ ಕೈಯಲ್ಲಿ ಕೂಪನ್ ಮಾರಿಸುವುದಂತೂ ಬೇಡವೇ ಬೇಡ. ಚೀಟಿಯನ್ನು ಎಲ್ಲರೆದುರು ಎತ್ತಿ, ಲೆಕ್ಕವನ್ನು ಪಂಚಾಯಿತಿ ಫಲಕಕ್ಕೆ ಅಂಟಿಸಲಿ.

ಗೃಹ ಇಲಾಖೆಯೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ಕೂತು ಮಾತಾಡಿ, ಮುಂದಿನ ಶಾಲಾ ಕ್ರೀಡಾಕೂಟಗಳು ಆರಂಭವಾಗುವ ಮೊದಲೇ ಇಂಥದ್ದೊಂದು ನಿಯಮ ತರಬೇಕೆಂದು ಒತ್ತಾಯಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ತುಮಕೂರು ಜಿಲ್ಲೆ