ಹೆಸರು ನೀಲಿ, ಬಣ್ಣ ಬೂದು

ಮೊನ್ನೆ ಮೊಮ್ಮಗ ಹಳೆಯ ಆಟಿಕೆಯೊಂದರ ಫೋಟೊ ತೋರಿಸಿ ಕೇಳಿದ: "ತಾತ, ಇದರ ಹೆಸರು ಬ್ಲೂಸ್ಟ್ರೀಕ್ ಅಂತೆ. ಬ್ಲೂ ಅಂದ್ರೆ ನೀಲಿ ತಾನೆ? ಇದ್ಯಾಕೆ ಬೂದು ಬಣ್ಣ?"

ಒಳ್ಳೆಯ ಪ್ರಶ್ನೆ, ಮಕ್ಕಳೇ. ಮಡಚಿ ತಿರುಗಿಸಿದರೆ ಕಾರು ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ನಿಮಗೆ ಗೊತ್ತು. ಅವುಗಳಲ್ಲಿ ಹಲವು ಮೊದಲು ಜಪಾನಿನ ಟಕಾರ ಕಂಪನಿಯ ಡಯಾಕ್ಲೋನ್ ಆಟಿಕೆಗಳಾಗಿದ್ದವು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಅವಕ್ಕೆ ಹೊಸ ಹೆಸರಿಟ್ಟು ಮಾರಿತು. ಪೊಲೀಸ್ ಕಾರು ಪ್ರೌಲ್ ಮತ್ತು ನಮ್ಮ ಬ್ಲೂಸ್ಟ್ರೀಕ್, ಎರಡೂ ನಿಸ್ಸಾನ್ ಕಾರಿನ ಒಂದೇ ಅಚ್ಚಿನಲ್ಲಿ ಬಂದ ಅಣ್ಣತಮ್ಮಂದಿರು. ಬಣ್ಣ ಬೇರೆ.

ಜಪಾನಿನಲ್ಲಿ ಆ ಕಾರು ನೀಲಿಯಲ್ಲೂ ಸಿಗುತ್ತಿತ್ತು. ಹ್ಯಾಸ್‌ಬ್ರೋ 1984ರಲ್ಲಿ ಅಚ್ಚು ಹಾಕಿಸಿದ ಆಟಿಕೆಗಳ ಪಟ್ಟಿಯಲ್ಲೂ ನೀಲಿಯದೇ ಚಿತ್ರ. ಅಂಗಡಿಗೆ ಬಂದದ್ದು ಮಾತ್ರ ಬೆಳ್ಳಿ ಬೂದು! ಚಿತ್ರ ನೋಡಿ ಹಟ ಮಾಡಿದ ಮಕ್ಕಳ ಮುಖ ನೆನೆಸಿಕೊಳ್ಳಿ.

ಅಮೆರಿಕದ ಡಬ್ಬಿಯಲ್ಲಿ ನೀಲಿಯದು ಒಂದಾದರೂ ಬಂದಿತ್ತೇ ಎಂದು ಸಂಗ್ರಾಹಕರು ವರ್ಷಗಟ್ಟಲೆ ವಾದಿಸಿದ್ದಾರೆ. ನನಗೆ ಅದರಲ್ಲಿ ಬೇರೆಯೇ ಭಯ. ಜಪಾನಿನ ನೀಲಿ ಆಟಿಕೆಯನ್ನು ಅಮೆರಿಕದ ಖಾಲಿ ಡಬ್ಬಿಯಲ್ಲಿಟ್ಟು ಭಾರಿ ಬೆಲೆ ಹೇಳುವುದು ಎಷ್ಟು ಹೊತ್ತಿನ ಕೆಲಸ? ಬ್ಯಾಂಕಿನಲ್ಲಿ ಚೆಕ್ ಬಂದರೆ ಮಾದರಿ ಸಹಿಯ ಕಾರ್ಡ್ ತೆಗೆದು ಹೋಲಿಸುತ್ತಿದ್ದೆವು. ಇಲ್ಲಿ ಹೋಲಿಸಿ ನೋಡಲು ಕಾರ್ಡೇ ಇಲ್ಲವಲ್ಲ!

ಮೊಮ್ಮಗ ಎಲ್ಲ ಕೇಳಿಸಿಕೊಂಡು, ಡ್ರಾಯಿಂಗ್ ಪುಸ್ತಕದಲ್ಲಿ ಬ್ಲೂಸ್ಟ್ರೀಕ್ ಬರೆದು ಗಾಢ ನೀಲಿ ಬಳಿದ. "ತಾತ, ಇದು ಅಸಲಿಯಾ?" ಅಂದ.

"ಅಸಲಿಯೇ. ಕೆಳಗೆ ನಿನ್ನ ಸಹಿ ಹಾಕು" ಅಂದೆ.